ಎಡೆದೊರೆ ನಾಡಿನಲ್ಲಿ ಮದ್ದಿನ ಅಳತೆ

ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಶೇಂಗಾ ಹೊಲ ಕಾಯುತ್ತಿದ್ದ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ ಕೋವಿ. ನಾನಾಗ ಹೈಸ್ಕೂಲು ಹುಡುಗ. ಕೋವಿಗಿಂತ ಹೆಚ್ಚಾಗಿ ನನ್ನ ಕಣ್ಣು ನೆಟ್ಟದ್ದು ಅಜ್ಜನ ಸಂಚಿಯೊಳಗಿದ್ದ ಒಂದು ಹಿತ್ತಾಳೆ ತುಂಡಿನ ಮೇಲೆ. ಯಾವುದೋ ಹಳೇ ತೋಟಾದ ಖಾಲಿ ಕೊಳವೆ. ಅದನ್ನು ಅರ್ಧಕ್ಕೆ ಕೊಯ್ದು, ಬಾಯಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ಹಿಡಿಯಲು ಒಂದು ತಂತಿ ಸುತ್ತಿದ್ದ. ಮದ್ದನ್ನು ಅದರಲ್ಲಿ ತುಂಬಿ ಉಗುರಿನಿಂದ ಮೂರು ಸಲ ತಟ್ಟುವನು. ಮೇಲೆ ಉಬ್ಬಿ ನಿಂತದ್ದನ್ನು ಹೆಬ್ಬೆರಳಿನಿಂದ ಸವರಿ ಮತ್ತೆ ಡಬ್ಬಿಗೆ ಬೀಳಿಸುವನು. ಆಮೇಲೆ ನಳಿಗೆಗೆ ಸುರಿಯುವನು. ಮೂರೇ ಸಲ ತಟ್ಟುವುದು, ನಾಲ್ಕನೆಯದಿಲ್ಲ. ಯಾಕಜ್ಜಾ, ಇನ್ನೊಂದೀಟು ಹಾಕಿದ್ರ ದೂರ ಹೋಗಂಗಿಲ್ಲೇನು ಅಂತ ಕೇಳಿದೆ. "ಜಾಸ್ತಿ ಹಾಕಿದ್ರ ಸಪ್ಪಳ ಜಾಸ್ತಿ ಆಗ್ತದ ತಮ್ಮಾ, ಗುರಿ ಬರಂಗಿಲ್ಲ. ಪ್ರತಿ ಸಲ ಅಷ್ಟ ಹಾಕಿದ್ರ ಬರ್ತದ" ಅಂದ.

ಅಜ್ಜ ಹೇಳಿದ ಮಾತಿನ ಬೆನ್ನು ಹತ್ತಿ ಜಗತ್ತಿನ ಬೇಟೆಗಾರರು, ಗುರಿಕಾರರು, ಗಣಿತಜ್ಞರು ಐನೂರು ವರ್ಷ ದುಡಿದಿದ್ದಾರೆ. ಈಗ ಅದಕ್ಕೆ ಹ್ಯಾಂಡ್‌ಲೋಡಿಂಗ್ ಎಂಬ ಹೆಸರು. ಕಾರ್ಖಾನೆಯ ತೋಟಾ ಕೊಳ್ಳದೆ, ಹಿತ್ತಾಳೆ ಕೊಳವೆ, ಕೇಪು, ಮದ್ದು, ಗುಂಡು ಈ ನಾಲ್ಕನ್ನೂ ತನ್ನ ಒಂದು ರೈಫಲ್ಲಿಗೆ ಒಪ್ಪುವಂತೆ ಆರಿಸಿ, ತೂಗಿ, ಕೈಯಾರೆ ತುಂಬಿಕೊಳ್ಳುವ ವಿದ್ಯೆ. ಅಮೆರಿಕದಲ್ಲಿ ಅದು ಮನೆಮನೆಯ ಹವ್ಯಾಸ. ನಮ್ಮಲ್ಲಿ ಕಾನೂನು ಅದಕ್ಕೆ ಎಡೆ ಕೊಟ್ಟಿಲ್ಲ. ಆ ಸಂಗತಿಗೆ ಮುಂದೆ ಬರುತ್ತೇನೆ. ಆದರೂ ಈ ವಿದ್ಯೆಯ ಕಥೆಯನ್ನು ರಾಯಚೂರಿನಿಂದ ಶುರು ಮಾಡುವುದಕ್ಕೆ ಕಾರಣವಿದೆ. ಗುರಿಯಿಟ್ಟು ಹೊಡೆದ ಒಂದು ಸಣ್ಣ ಕೋವಿ ನೂರಾರು ದೊಡ್ಡ ಫಿರಂಗಿಗಳಿಗಿಂತ ಹೆಚ್ಚಿನ ಕೆಲಸ ಮಾಡಿತು ಎಂಬುದಕ್ಕೆ ದಕ್ಷಿಣ ಭಾರತದಲ್ಲಿ ಸಿಗುವ ಮೊದಮೊದಲ ವಿವರವಾದ ಬರವಣಿಗೆ ಈ ಊರಿನದೇ.

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಹಳಗನ್ನಡದವರು ಎಡೆದೊರೆ ನಾಡು ಎಂದರು, ಆಮೇಲಿನವರು ದೋಆಬ್ ಎಂದರು. ಇದಕ್ಕಾಗಿ ವಿಜಯನಗರದವರೂ ಬಹಮನಿಗಳೂ ಕಾದಾಡಿದಷ್ಟು ಬೇರೆ ನೆಲಕ್ಕಾಗಿ ಕಾದಾಡಲಿಲ್ಲ. 1520ರ ಮೇ 19ರಂದು ಕೃಷ್ಣದೇವರಾಯನ ದಂಡೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ದಂಡೂ ಕೃಷ್ಣೆಯ ಈಚೆ ದಡದಲ್ಲಿ ಎದುರಾದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್ ತನ್ನ ಬರಹದಲ್ಲಿ ವರ್ಷವನ್ನು 1522 ಎಂದು ಕೊಟ್ಟಿದ್ದಾನೆ. ಅದನ್ನು ತಿದ್ದಿ 1520 ಎಂದು ವಾದಿಸಿದವನು 1900ರಲ್ಲಿ ಆ ಬರಹವನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸೀವೆಲ್. ಕದನ ನಡೆದ ಜಾಗ ಈಗಿನ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಆಸುಪಾಸು ಎಂದು ಇತಿಹಾಸಕಾರರು ಗುರುತಿಸುವುದುಂಟು. ಗುಡಿಗಳೂ ಶಾಸನಗಳೂ ತುಂಬಿದ ಆ ಊರಿನ ಹೊಲಗಳಲ್ಲಿ ಈಗ ಹತ್ತಿ, ಮೆಣಸಿನಕಾಯಿ.

ಅವತ್ತು ಆದಿಲ್ ಶಾಹ ತನ್ನ ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲವನ್ನೂ ಒಮ್ಮೆಗೇ ಹಾರಿಸಿದ. ರಾಯನ ಮುಂಚೂಣಿ ಚಿಂದಿಯಾಗಿ ಹಿಂದೆ ಸರಿಯಿತು. ಆದರೆ ಹಾರಿಸಿದ ಫಿರಂಗಿಗೆ ಮತ್ತೆ ಮದ್ದು ತುಂಬುವುದೆಂದರೆ ನಳಿಗೆ ಒರೆಸಬೇಕು, ಮದ್ದು ಸುರಿಯಬೇಕು, ಗುಂಡು ನೂಕಬೇಕು, ಕಿವಿಗೆ ಪುಡಿ ಹಾಕಬೇಕು. ಆ ಬಿಡುವಿನಲ್ಲಿ ಕೃಷ್ಣದೇವರಾಯ ತಾನೇ ಕುದುರೆ ಏರಿ ಎರಡನೆಯ ಪಡೆಯನ್ನು ನುಗ್ಗಿಸಿದ. ಬಿಜಾಪುರದ ಸೈನ್ಯ ಹೊಳೆಗೆ ಬಿತ್ತು. ನಾನೂರು ದೊಡ್ಡ ಫಿರಂಗಿಗಳು ರಾಯನ ಕೈಗೆ ಸಿಕ್ಕವು ಎಂದು ನೂನಿಸ್ ಬರೆಯುತ್ತಾನೆ. ಅಷ್ಟು ಕಬ್ಬಿಣ, ಅಷ್ಟು ಮದ್ದು ಇದ್ದೂ ಗೆಲುವು ಸಿಗಲಿಲ್ಲ.

ಆಮೇಲೆ ರಾಯಚೂರು ಕೋಟೆಯ ಮುತ್ತಿಗೆ. ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಪ್ರಸಂಗ ಇದೇ. ಕೋಟೆಯೊಳಗೂ ಇನ್ನೂರು ದೊಡ್ಡ ಫಿರಂಗಿಗಳಿದ್ದವಂತೆ. ಎತ್ತರದ ಗೋಡೆಯ ಮೇಲೆ ಒಂದೇ ದಿಕ್ಕಿಗೆ ಕೂರಿಸಿದ ಅವುಗಳ ಮೂತಿಯನ್ನು ಕೆಳಗೆ ಬಗ್ಗಿಸುವ ಹಾಗಿರಲಿಲ್ಲ. ಹಾಗಾಗಿ ಗೋಡೆಯ ಬುಡಕ್ಕೇ ಬಂದ ಮುತ್ತಿಗೆಗಾರರು ಹಾರೆ ಗುದ್ದಲಿ ಹಿಡಿದು ಕಲ್ಲು ಕೀಳತೊಡಗಿದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಅವರಿಗೆ ಹಣ ಎಣಿಸಿ ಕೊಡುತ್ತಿದ್ದರು. ಮೇಲಿನವರು ಕಲ್ಲು, ಬಾಣ ಸುರಿಸಿ ತಡೆಯುತ್ತಿದ್ದರು. ಆ ಹೊತ್ತಿಗೆ ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸ್ ವ್ಯಾಪಾರಿ ಇಪ್ಪತ್ತು ಮಂದಿ ಕೋವಿಕಾರರ ಜೊತೆ ಬಂದಿಳಿದ. ಗೋಡೆಯ ಮೇಲಿನ ಕಾವಲಿನವರು ಕೋವಿಯ ಭಯ ಕಾಣದವರು, ಮರೆಯಿಲ್ಲದೆ ಎದೆಯೊಡ್ಡಿ ನಿಲ್ಲುತ್ತಿದ್ದರು. ಫಿಗೆರೆಡೊನ ಜನ ಒಬ್ಬೊಬ್ಬರನ್ನೇ ಗುರಿಯಿಟ್ಟು ಉರುಳಿಸಿದರು. ಕೊನೆಗೆ ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಕಾರಿಯೇ ತೆನೆಗಳ ನಡುವಿನಿಂದ ಬಗ್ಗಿದ. ಗುಂಡು ಅವನ ಹಣೆಯ ನಡುವೆ ಬಡಿಯಿತು. ಮರುದಿನ ಊರು ಶರಣಾಯಿತು.

ಬಸ್ ನಿಲ್ದಾಣದ ಕಡೆಯಿಂದ ಕೋಟೆ ಹೊಕ್ಕು ಗುಡ್ಡ ಹತ್ತಿದರೆ ತುದಿಯಲ್ಲಿ ಉದ್ದನೆಯ ಫಿರಂಗಿಯೊಂದು ಇಂದಿಗೂ ಮಲಗಿದೆ. ಊರಿನ ಮಕ್ಕಳು ಅದರ ಮೇಲೆ ಸವಾರಿ ಮಾಡುತ್ತಾರೆ. ಕೆಳಗೆ ಒಳಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನು ಅಲ್ಲೇ ಗೀರಿದ್ದಾರೆ. ಕಲ್ಲು ನೋಡಲು ಬಂದವರು ಫಿರಂಗಿ ನೋಡುತ್ತಾರೆ, ಫಿರಂಗಿ ನೋಡಲು ಬಂದವರು ಕಲ್ಲು ನೋಡುತ್ತಾರೆ. ಗೋಡೆಯ ತೆನೆಗಳ ನಡುವಿನ ಕಿಂಡಿಯಲ್ಲಿ ಬಗ್ಗಿ ಬುಡವನ್ನು ನೋಡುವವರು ಕಡಿಮೆ. ನನ್ನ ಮಟ್ಟಿಗೆ ಆ ಕಿಂಡಿಯೇ ಇಲ್ಲಿನ ದೊಡ್ಡ ಸ್ಮಾರಕ.

ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಈ ಸೀಮೆಯ ಕೋಟೆಗಳನ್ನು ಅಧ್ಯಯನ ಮಾಡಿ ಒಂದು ವಾದ ಮಂಡಿಸಿದ್ದಾರೆ. ಗೆದ್ದ ವಿಜಯನಗರ ಮದ್ದಿನ ವಿದ್ಯೆಯಲ್ಲಿ ತಾನು ಕಲಿಯಬೇಕಾದದ್ದು ಏನೂ ಇಲ್ಲವೆಂದುಕೊಂಡಿತು, ಸೋತ ಬಿಜಾಪುರ ಕುಳಿತು ಕಲಿಯಿತು ಎಂಬುದು ಅದರ ಸಾರ. 1530ರಲ್ಲಿ ರಾಯಚೂರು, ಮುದಗಲ್ಲು ಮತ್ತೆ ಬಿಜಾಪುರದ ವಶವಾದವು. ಅಲ್ಲಿಂದಾಚೆ ಕೋಟೆಯ ಎತ್ತರದ ಜಾಗಗಳಲ್ಲಿ ಎಲ್ಲ ದಿಕ್ಕಿಗೂ ತಿರುಗುವ, ಮೇಲೆ ಕೆಳಗೆ ಆಡುವ ಫಿರಂಗಿ ಕಟ್ಟೆಗಳು ಎದ್ದವು. ಅಲ್ಲಿಯವರೆಗೆ ಫಿರಂಗಿ ಎಂದರೆ ಗದ್ದಲ, ಹೆದರಿಕೆ. ಇನ್ನು ಮೇಲೆ ಅದು ಗುರಿಯಿಡುವ ಉಪಕರಣ. ಈ ವಾದ ನನಗೆ ಒಪ್ಪಿಗೆಯಾಗುತ್ತದೆ. ವಿಜಯಪುರದಲ್ಲಿ ಎರಡು ಫಿರಂಗಿಗಳನ್ನು ಒಂದೇ ದಿನ ನೋಡಿದರೆ ಯಾರಿಗಾದರೂ ಇದು ತಿಳಿಯುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಸುಮಾರು 55 ಟನ್ ತೂಕದ, ಗಿಡ್ಡ, ಅಗಲ ಬಾಯಿಯ ತೋಪು. ಅದು ಹತ್ತಿರದ ಗುಂಪನ್ನು ಗುಡಿಸಿ ಹಾಕುವಂಥದು. 1584ರ ಉಪ್ಪಲಿ ಬುರುಜಿನ ಮೇಲಿನದು ಒಂಬತ್ತು ಮೀಟರಿಗೂ ಉದ್ದದ, ಸಣ್ಣ ಬಾಯಿಯ ಲಂಬಚರಿ. ಉದ್ದ ನಳಿಗೆಯಲ್ಲಿ ಮದ್ದಿನ ಹಬೆ ಗುಂಡನ್ನು ಹೆಚ್ಚು ಹೊತ್ತು ನೂಕುತ್ತದೆ, ಎತ್ತರದಿಂದ ಬಿಟ್ಟದ್ದು ದೂರ ಹೋಗುತ್ತದೆ ಎಂಬುದನ್ನು ಗಣಿತ ಬರುವ ಮೊದಲೇ ಕಮ್ಮಾರರು ಕೈಯಿಂದ ಕಂಡುಕೊಂಡಿದ್ದರು.

ಸಣ್ಣ ಕೋವಿಯ ಕಥೆ ಇಷ್ಟು ಚೆನ್ನಾಗಿ ದಾಖಲಾಗಿಲ್ಲ, ಏಕೆಂದರೆ ಅದು ಬಡವರ ಕೈಯಲ್ಲಿತ್ತು. ಜಾಮಗಿ ಎಂಬ ಉರಿಯುವ ಹುರಿಯನ್ನು ಕಿವಿಗೆ ತಾಗಿಸಿ ಹಾರಿಸುವ ಉದ್ದ ನಳಿಗೆಯ ಆ ಕೋವಿಗಳನ್ನು ಊರೂರಿನ ಕಮ್ಮಾರರೇ ಮಾಡುತ್ತಿದ್ದರು. ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುರುಳಿಯಾಗಿ ಸುತ್ತಿ, ಕಾಸಿ, ಬಡಿದು ಬೆಸೆದ ನಳಿಗೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಅರೆದ ಮದ್ದು. ಇದರಲ್ಲಿ ಪಳಗಿದವರು ಬೇಡರು. ದೇವದುರ್ಗ ಬೇಡ ಪಾಳೆಯಗಾರರ ಕೋಟೆ. ಕೃಷ್ಣೆಯ ಆಚೆ ದಡಕ್ಕೆ ಸುರಪುರ, ವಾಗಣಗೇರಿ. 1705ರಲ್ಲಿ ಮುದುಕ ಔರಂಗಜೇಬ ತಾನೇ ಬಂದು ವಾಗಣಗೇರಿಗೆ ಮುತ್ತಿಗೆ ಹಾಕಿದ. ಅದು ಅವನ ಬದುಕಿನ ಕೊನೆಯ ಮುತ್ತಿಗೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪಿಡ್ಡ ನಾಯಕನ ಬೇಡರು ಗುಡ್ಡದ ಮರೆಯಿಂದ ಮೊಗಲರ ಇಡೀ ದಂಡನ್ನು ತಡೆದರು. ಕೋಟೆ ಬಿದ್ದಾಗ ನಾಯಕ ರಾತ್ರೋರಾತ್ರಿ ತಪ್ಪಿಸಿಕೊಂಡಿದ್ದ. ಮೊಗಲ್ ಬರಹಗಾರರು ಈ ಕೋವಿಕಾರ ಕಾಲಾಳುಗಳನ್ನು ಕಾಲಾ ಪಿಯಾದಾ ಎಂದು ಕರೆದು, ಅವರ ಗುರಿಗೆ ಹೆದರಿ ಬರೆದರು. ಇವರ ಕೈಯ ಗುರಿಯ ಹಿಂದೆ ಏನಿತ್ತು? ನನ್ನ ಮಾನ್ವಿ ಅಜ್ಜನ ಹಿತ್ತಾಳೆ ತುಂಡಿನ ಪೂರ್ವಜ ಇದ್ದಿರಲೇಬೇಕು. ಕೊಂಬಿನ ತುದಿಯೋ, ಬಿದಿರಿನ ಗಂಟೋ, ಒಂದೇ ಅಳತೆಯದು. ಅಂಥ ಅಳತೆಯಿಲ್ಲದೆ ಬರಿಯ ಕಣ್ಣಿನಿಂದ ಗುರಿ ಬರುವುದಿಲ್ಲ.

ಇದೇ ವಿದ್ಯೆಗೆ ಲೆಕ್ಕ ಸಿಕ್ಕಿದ್ದು 1742ರಲ್ಲಿ. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ಒಂದು ಮರದ ದಿಮ್ಮಿಯನ್ನು ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದ. ದಿಮ್ಮಿ ಎಷ್ಟು ದೂರ ತೂಗಾಡಿತು ಎಂದು ಅಳೆದ. ಅದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಸೆಕೆಂಡಿಗೆ 1,600 ಅಡಿ ಮೀರಿದ ವೇಗ ಬಂತು. ಗುಂಡಿನ ಹಾದಿಗೆ ಗಾಳಿ ಏನೂ ಅಡ್ಡಿಯಲ್ಲ ಎಂದು ಅಲ್ಲಿಯವರೆಗೆ ಪಂಡಿತರು ತಿಳಿದಿದ್ದರು. ಗಾಳಿಯ ತಡೆ ಗುಂಡಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ರಾಬಿನ್ಸ್ ತೋರಿಸಿಕೊಟ್ಟ. ನಳಿಗೆಯೊಳಗೆ ಸುರುಳಿ ಗೆರೆ ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದರೆ ಮಾತ್ರ ದೂರದ ಗುರಿ ಸಾಧ್ಯವೆಂದ. ಅವನ ಪುಸ್ತಕವನ್ನು ಆಯ್ಲರ್‌ನಂಥ ಮಹಾಗಣಿತಜ್ಞ ಜರ್ಮನ್ ಭಾಷೆಗೆ ತಂದ. ಈ ರಾಬಿನ್ಸ್ ಸತ್ತದ್ದು ನಮ್ಮ ದಕ್ಷಿಣದಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಇಂಜಿನಿಯರಾಗಿ ಬಂದವನು 1751ರ ಜುಲೈನಲ್ಲಿ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಇನ್ನೂ ಕೆಲವು ವರ್ಷ ಬದುಕಿದ್ದು ದಖನ್ನಿನ ಕೋವಿಕಾರರ ಕೈಚಳಕವನ್ನು ತನ್ನ ದಿಮ್ಮಿಯಲ್ಲಿ ತೂಗಿ ನೋಡಿದ್ದರೆ ನಮಗೆ ಎಂಥ ದಾಖಲೆ ಸಿಗುತ್ತಿತ್ತು!

ಮುಂದಿನ ನೂರು ವರ್ಷ ಬೇಗ ದಾಟಬಹುದು. 1849ರಲ್ಲಿ ಫ್ರಾನ್ಸಿನ ಮಿನಿಯೆ ಬುಡದಲ್ಲಿ ಟೊಳ್ಳಿರುವ ಉದ್ದ ಗುಂಡು ಮಾಡಿದ. ಮದ್ದು ಹತ್ತಿದಾಗ ಆ ಟೊಳ್ಳು ಅರಳಿ ಸುರುಳಿ ಗೆರೆಗೆ ಕಚ್ಚಿಕೊಳ್ಳುತ್ತಿತ್ತು. ಅದರ ಮೇಲೆ 1853ರ ಎನ್‌ಫೀಲ್ಡ್ ರೈಫಲ್ ಬಂತು. ಅದರ ಜೊತೆಗೇ ಬಂದದ್ದು ಕೊಬ್ಬು ಸವರಿದ ಕಾಗದದ ತೋಟಾ. ಹಸು ಹಂದಿಗಳ ಕೊಬ್ಬಿನ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳಬೇಕಾದದ್ದು ಇನ್ನೊಂದು. ಮದ್ದಿನ ಅಳತೆ ಹಾರಿಸುವವನ ಕೈಯಲ್ಲೇ ಇದ್ದ ಕಾಲವೊಂದಿತ್ತು. ಇಂಥ ಕಾಗದದ ಪೊಟ್ಟಣಗಳೊಂದಿಗೆ ಅಳತೆ ಕಾರ್ಖಾನೆಗೆ ಹೊರಟುಹೋಯಿತು. 1857ರಲ್ಲಿ ಕೋವಿಯೂ ಜನರ ಕೈಯಿಂದ ಹೊರಡತೊಡಗಿತು. ಆ ವರ್ಷದ ನವೆಂಬರಿನಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ದಂಗೆಯೆದ್ದು ಗಲ್ಲಿಗೇರಿದರು. ಅವರ ಲಾವಣಿಯನ್ನು ಉತ್ತರ ಕರ್ನಾಟಕದಲ್ಲಿ ಇಂದಿಗೂ ಹಾಡುತ್ತಾರೆ. 1858ರ ಮೊದಲಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಎದ್ದ, ಅದೇ ವರ್ಷದ ಮೇ ತಿಂಗಳಲ್ಲಿ ಗುಂಡಿಗೆ ಸತ್ತ. 1878ರ ಆಯುಧ ಕಾಯ್ದೆ ಬ್ರಿಟಿಷ್ ನಾಡಿನಲ್ಲಿ ಲೈಸೆನ್ಸ್ ಇಲ್ಲದ ಕೋವಿಯನ್ನು ಅಪರಾಧವಾಗಿಸಿತು. ಕೊಡವರಿಗೆ ಮಾತ್ರ 1861ರಿಂದಲೇ ವಿನಾಯಿತಿ ಇತ್ತು, ಈಗಲೂ ಇದೆ. ಎಡೆದೊರೆಯ ಬೇಡರಿಗೆ ಅಂಥ ವಿನಾಯಿತಿ ಸಿಗಲಿಲ್ಲ. ತಲೆಮಾರುಗಳಿಂದ ಕೋವಿ ಹಿಡಿದ ಎರಡು ಜನಾಂಗಗಳಿಗೆ ಎರಡು ನ್ಯಾಯವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ವೆಂಕಟಪ್ಪ ನಾಯಕನನ್ನು ಬಾಲ್ಯದಿಂದ ಸಾಕಿ ಬೆಳೆಸಿದಂತೆ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುರಪುರದಲ್ಲಿದ್ದವನು, 1858ರಲ್ಲಿ ಮತ್ತೆ ಅಲ್ಲಿಗೇ ಬಂದವನು. 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಈ ಸೀಮೆಯ ಶಿಕಾರಿಯ ಚಿತ್ರಗಳಿವೆ. ಆ ಕಾಲದ ಇನ್ನೊಬ್ಬ ಬರಹಗಾರ ನಮ್ಮ ವಿಷಯಕ್ಕೆ ಹೆಚ್ಚು ಬೇಕಾದವನು. ಮಧ್ಯ ಭಾರತದಲ್ಲಿದ್ದ ಜೇಮ್ಸ್ ಫೋರ್ಸೈತ್ 1863ರಲ್ಲಿ ಬೇಟೆ ರೈಫಲ್ ಮತ್ತು ಅದರ ಗುಂಡಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಭಾರತದ ಕಾಡಿನಲ್ಲಿ ಪ್ರಾಣಿ ಎಷ್ಟು ಗಜ ದೂರದಲ್ಲಿದೆಯೆಂದು ಅಳೆಯಲು ಹೊತ್ತಿರುವುದಿಲ್ಲ. ಆದ್ದರಿಂದ ಬಾಗದೆ ನೇರ ಹೋಗುವ ಗುಂಡು ಬೇಕು. ಅದಕ್ಕೆ ನಳಿಗೆಯ ಸುರುಳಿ ನಿಧಾನವಿರಬೇಕು, ಮದ್ದು ಹೆಚ್ಚಿರಬೇಕು ಎಂಬುದು ಅವನ ವಾದ. ನಳಿಗೆ, ಮದ್ದು, ಗುಂಡು ಮೂರನ್ನೂ ಒಂದೇ ಲೆಕ್ಕದೊಳಗೆ ಕೂರಿಸಿ ಯೋಚಿಸಿದ ಮೊದಲಿಗರಲ್ಲಿ ಅವನೊಬ್ಬ. ಮೈಸೂರು ಸೀಮೆಯಲ್ಲಿ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಆನೆ, ಕಾಟಿಗಳಿಗೆ ತಕ್ಕ ಕೋವಿಗಳ ಬಗ್ಗೆ ಬರೆದ. ಅವರ ಕಾಲಕ್ಕೆ ಇನ್ನೂ ಕರಿಮದ್ದೇ. ಒಂದು ಈಡು ಹೊಡೆದರೆ ಬೇಟೆಗಾರನ ಮುಂದೆ ಹೊಗೆಯ ಗೋಡೆ.

ಆ ಹೊಗೆ 1884ರಲ್ಲಿ ಹರಿಯಿತು. ಫ್ರಾನ್ಸಿನ ಪಾಲ್ ವೀಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂತು. ಗುಂಡಿನ ವೇಗ ಒಮ್ಮೆಗೇ ಏರಿತು, ಗುಂಡಿಗೆ ತಾಮ್ರದ ಹೊದಿಕೆ ಬಂತು, ಮೂತಿ ಚೂಪಾಯಿತು. ಇಲ್ಲಿ ರಾಯಚೂರಿನವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಸಮಸ್ಯೆ ಎದ್ದಿತು: ಬಿಸಿಲು. ಲಂಡನ್ನಿನ ತಂಪಿನಲ್ಲಿ ತೂಗಿ ತುಂಬಿದ ತೋಟಾ ಇಲ್ಲಿನ ಮೇ ತಿಂಗಳಲ್ಲಿ ಕಾಯ್ದು ಬೇರೆಯದೇ ಆಗುತ್ತಿತ್ತು. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ. ನಳಿಗೆಯೊಳಗಿನ ಒತ್ತಡ ಏರುತ್ತದೆ. ಖಾಲಿ ಕೊಳವೆ ಕೋವಿಯೊಳಗೇ ಕಚ್ಚಿ ನಿಲ್ಲುತ್ತದೆ. ಎದುರಿಗೆ ಗಾಯಗೊಂಡ ಹುಲಿ ಇದ್ದಾಗ ಹಾಗಾದರೆ ಬೇಟೆಗಾರನ ಕಥೆ ಮುಗಿಯಿತು. ಹೀಗಾಗಿ ಇಂಗ್ಲಿಷ್ ತೋಟಾ ಕಂಪನಿಗಳು ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ತುಂಬಿದ ತೋಟಾಗಳನ್ನು ಬೇರೆಯಾಗಿ ಮಾಡಿದವು. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಕಲ್ಲುಬಂಡೆಯ ಮೇಲಿಟ್ಟ ಪೆಟ್ಟಿಗೆಯ ಒಳಗೆ ಏನಾಗಿರಬಹುದೆಂದು ನಮ್ಮ ಊರಿನ ಯಾವ ಮಗುವೂ ಹೇಳಬಲ್ಲದು. ಈಗಿನ ರೈಫಲ್ ಮದ್ದುಗಳಲ್ಲಿ ಕೆಲವನ್ನು ಬಿಸಿಲಿಗೂ ಚಳಿಗೂ ಒಂದೇ ರೀತಿ ಉರಿಯುವಂತೆ ತಯಾರಿಸುತ್ತಾರೆ, ಹ್ಯಾಂಡ್‌ಲೋಡ್ ಮಾಡುವವರು ಅದಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ. ಉಷ್ಣದೇಶಗಳಲ್ಲಿ ಒಂದು ಕಾಲಕ್ಕೆ ಜನರು ಪ್ರಾಣ ಒತ್ತೆಯಿಟ್ಟು ಕಲಿತ ಪಾಠ ಅದು.

ಜಿಮ್ ಕಾರ್ಬೆಟ್‌ಗೆ 1907ರ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಸಿಕ್ಕ ರಿಗ್ಬಿ, ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯ .405 ವಿಂಚೆಸ್ಟರ್, ಎರಡಕ್ಕೂ ಕಾರ್ಖಾನೆಯ ತೋಟಾವೇ. ಇಬ್ಬರೂ ಹೊಡೆದದ್ದು ಬಹುತೇಕ ಹತ್ತಿರದಿಂದ. ದೂರದ ಗುರಿಯ ವಿದ್ಯೆ ಆಗ ಬೇರೆಡೆ ಬೆಳೆಯುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಒಂದೇ ಪ್ರಶ್ನೆಯ ಹಿಂದೆ ತನ್ನ ಆಯುಷ್ಯವನ್ನೇ ಕಳೆದ. ಒಂದೇ ನಳಿಗೆ, ಒಂದೇ ತೂಕದ ಮದ್ದು, ಒಂದೇ ಅಚ್ಚಿನ ಗುಂಡು; ಆದರೂ ಎರಡು ಗುಂಡುಗಳು ಒಂದೇ ತೂತಿಗೆ ಏಕೆ ಹೋಗುವುದಿಲ್ಲ? ಮನುಷ್ಯನ ಕೈ ನಡುಗುವುದನ್ನು ಕಳೆಯಲು ನಳಿಗೆಯನ್ನು ಭೂಮಿಗೆ ಹೂಳಿದ ಕಾಂಕ್ರೀಟ್ ಕಂಬದ ಮೇಲೆ ಕೂರಿಸಿ ಹೊಡೆದ. 1909ರಲ್ಲಿ ಬಂದ ಅವನ ಪುಸ್ತಕದ ಉತ್ತರ: ಗುಂಡಿನ ಬುಡದಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ, ತೂಕ ನಡುವಿನಿಂದ ಎಳ್ಳಷ್ಟು ಆಚೀಚೆ ಇದ್ದರೂ ಗುಂಡು ದಾರಿ ತಪ್ಪುತ್ತದೆ. ಗುಂಡಿನ ಮೂತಿಗಿಂತ ಬುಡ ಮುಖ್ಯ. ಈ ತಿಳಿವು ಇಂದಿಗೂ ನಿಂತಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ವಿದ್ಯೆ ಅಮೆರಿಕದ ಅಡಿಗೆಮನೆ, ಗ್ಯಾರೇಜುಗಳಿಗೆ ಇಳಿಯಿತು. ಯುದ್ಧದಲ್ಲಿ ಮಿಕ್ಕ ಮದ್ದನ್ನು ಹಾಡ್ಜ್‌ಡನ್ ಎಂಬವರು ಕೊಂಡು ಜನರಿಗೆ ಮಾರಿದರು. ಸಿಯೆರಾ, ನಾಸ್ಲರ್, ಹಾರ್ನಡಿ ಕಂಪನಿಗಳು 1940ರ ದಶಕದ ಕೊನೆಯಲ್ಲಿ ಹುಟ್ಟಿ ಬಿಡಿಗುಂಡು ಮಾರತೊಡಗಿದವು. ಬೇಟೆಗಾರ ತನ್ನ ಕೋವಿಯಲ್ಲೇ ಒಮ್ಮೆ ಹಾರಿಸಿದ ಕೊಳವೆಯನ್ನು ಮತ್ತೆ ತುಂಬುತ್ತಿದ್ದ. ಆ ಹಿತ್ತಾಳೆ ಆ ಕೋವಿಯ ಒಳಗೂಡಿಗೆ ತಕ್ಕಂತೆ ಅರಳಿರುತ್ತದೆ, ದರ್ಜಿ ಮೈ ಅಳೆದು ಹೊಲಿದ ಅಂಗಿಯ ಹಾಗೆ. ಮದ್ದನ್ನು ತಕ್ಕಡಿಯಲ್ಲಿ ಗ್ರೇನುಗಳ ಲೆಕ್ಕದಲ್ಲಿ ತೂಗುವುದು, ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂದು ಹುಡುಕುವುದು, ಕೊಳವೆಗಳನ್ನು ತೂಕದ ಪ್ರಕಾರ ಬೇರ್ಪಡಿಸುವುದು: ಇದೆಲ್ಲ ಒಂದೇ ಗುರಿಯ ಕಡೆಗೆ. ಹಿಂದಿನ ಗುಂಡಿಗೂ ಮುಂದಿನ ಗುಂಡಿಗೂ ವೇಗದ ವ್ಯತ್ಯಾಸ ಕಡಿಮೆಯಾಗಬೇಕು. ನೂರು ಗಜದಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಆರುನೂರು ಗಜಕ್ಕೆ ಹೋದಾಗ ಅದು ಗುಂಡನ್ನು ಮೇಲೆ ಕೆಳಗೆ ಚೆಲ್ಲುತ್ತದೆ.

ವೇಗ ಅಳೆಯುವ ಯಂತ್ರವನ್ನು ಬೆಲ್ಜಿಯಂನ ಲೆ ಬುಲಾಂಜೆ 1860ರ ದಶಕದಲ್ಲೇ ಮಾಡಿದ್ದ. ಸಾಮಾನ್ಯರ ಕೈಗೆ ಅಗ್ಗದ ಕ್ರೊನೊಗ್ರಾಫ್ ಬಂದದ್ದು ಅದಕ್ಕೆ ನೂರು ವರ್ಷ ಕಳೆದ ಮೇಲೆ. ಈಗ ಪುಟ್ಟ ಡಾಪ್ಲರ್ ರಾಡಾರ್ ಪೆಟ್ಟಿಗೆಯೊಂದನ್ನು ಪಕ್ಕಕ್ಕಿಟ್ಟರೆ ಸಾಕು. ಅಂಕಿ ಕೈಗೆ ಬಂದ ಮೇಲೆ ಹಳೆಯ ನಂಬಿಕೆಗಳು ಅಲುಗಾಡಿದವು. ಮೂರು ಗುಂಡು ಹೊಡೆದು, ಮೂರೂ ಒಂದು ರೂಪಾಯಿ ಬಿಲ್ಲೆಯಡಿ ಬಿದ್ದರೆ ಇದೇ ನನ್ನ ರೈಫಲ್ಲಿನ ಪರಮ ಅಳತೆ ಎಂದು ಎದೆ ತಟ್ಟಿಕೊಳ್ಳುವುದು ರೂಢಿಯಾಗಿತ್ತು. ಮದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಒಂದೊಂದೇ ಗುಂಡು ಹೊಡೆದು ಎಲ್ಲಿ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೋ ಅದೇ ನಳಿಗೆಯ ಕಂಪನಕ್ಕೆ ಒಪ್ಪುವ ಜಾಗ ಎನ್ನುವ ಕ್ರೈಟನ್ ಆಡೆಟ್ ಕ್ರಮ ಬಹಳ ಜನಪ್ರಿಯವಾಯಿತು. ಈಚೆಗೆ ಸಂಖ್ಯಾಶಾಸ್ತ್ರ ಬಲ್ಲವರು ಅದನ್ನು ಪ್ರಶ್ನಿಸುತ್ತಿದ್ದಾರೆ. ಮೂರು ಗುಂಡಿನ ಗುಂಪು ಬಹಳ ಸಲ ಬರಿಯ ಅದೃಷ್ಟ. ಅದೇ ತೋಟಾವನ್ನು ಇಪ್ಪತ್ತು ಮೂವತ್ತು ಸಲ ಹೊಡೆದರೆ ಆ ವಿಶೇಷ ಜಾಗ ಕರಗಿ ಹೋಗುತ್ತದೆ ಎನ್ನುತ್ತಾರೆ. ನಾನು ಈ ಎರಡನೆಯ ಪಕ್ಷದವನು. ಒಂದು ಮಳೆ ನೋಡಿ ಈ ವರ್ಷ ಸುಕಾಲ ಎನ್ನುವ ರೈತ ನಮ್ಮಲ್ಲಿ ಇಲ್ಲ. 2009ರಿಂದ ಬ್ರಯಾನ್ ಲಿಟ್ಜ್ ಬರೆದ ಪುಸ್ತಕಗಳು ಈ ವಿದ್ಯೆಯನ್ನು ಬಾಯಿಮಾತಿನಿಂದ ಅಳತೆಗೆ ತಂದವು. ಕಂಪನಿಗಳು ಹೇಳಿದ ಅಂಕಿಯನ್ನು ನಂಬದೆ ಒಂದೊಂದು ಗುಂಡಿಗೂ ಗಾಳಿ ಎಷ್ಟು ತಡೆ ಕೊಡುತ್ತದೆಂದು ಅವನು ತಾನೇ ಹೊಡೆದು ಅಳೆದ. ರಾಬಿನ್ಸ್ ತೂಗುದಿಮ್ಮಿಯ ನೇರ ವಾರಸುದಾರ ಅವನು.

ತೋಟಾ ಎಷ್ಟೇ ಸಮನಾಗಿದ್ದರೂ ಗಾಳಿ ಉಳಿಯುತ್ತದೆ. ದೂರದ ಗುರಿಕಾರರು ಗಾಳಿಯನ್ನು ಓದಲು ದುರ್ಬೀನಿನಲ್ಲಿ ನೆಲದ ಮೇಲಿನ ಹಬೆಯಾಟವನ್ನು ನೋಡುತ್ತಾರೆ. ಗಾಳಿಯಿಲ್ಲದಾಗ ಅದು ನೆಟ್ಟಗೆ ಮೇಲೇಳುತ್ತದೆ, ಗಾಳಿ ಬೀಸಿದರೆ ಹೊಳೆಯಂತೆ ಅಡ್ಡ ಹರಿಯುತ್ತದೆ, ಜೋರಾದರೆ ಮಾಯವಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಬಿಸಿಲುಗುದುರೆ ಎಂದಿದ್ದೇವೆ. ದೇವದುರ್ಗದಿಂದ ಕೃಷ್ಣೆಯ ಕಡೆಗೆ ಇಳಿಯುವ ಎರೆಹೊಲಗಳಲ್ಲಿ ಬೇಸಿಗೆಯ ಹನ್ನೆರಡು ಗಂಟೆಗೆ ನಿಂತರೆ ಆ ಕುದುರೆಗಳು ಓಡುವುದು ಬರಿಗಣ್ಣಿಗೇ ಕಾಣುತ್ತದೆ. ದೂರದ ಜಾಲಿ ಗಿಡ ನೀರಿನಲ್ಲಿ ನಿಂತಂತೆ ತೋರುತ್ತದೆ, ಅದರ ಬುಡ ಮತ್ತು ತಲೆ ಬೇರೆಬೇರೆ ಕಡೆ ಅಲುಗುತ್ತವೆ. ಅಂಥ ಹೊತ್ತಿನಲ್ಲಿ ಕಣ್ಣಿಗೆ ಕಾಣುವ ಪ್ರಾಣಿ ಅದು ನಿಂತ ಜಾಗದಲ್ಲಿ ಇರುವುದಿಲ್ಲ. ಜೊತೆಗೆ ಆರುನೂರು ಗಜ ದಾಟಲು ಗುಂಡಿಗೆ ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ಬೇಕು. ಅಷ್ಟರೊಳಗೆ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತದೆ. ತೋಟಾದ ಲೆಕ್ಕದಲ್ಲಿ ಯಾವ ತಪ್ಪೂ ಇಲ್ಲದೆ ಆಗುವ ಈ ಹಿಂಸೆಗೆ ತೋಟಾದ ಲೆಕ್ಕದಲ್ಲಿ ಉತ್ತರವಿಲ್ಲ. ಅಮೆರಿಕದ ಬೇಟೆಗಾರರಲ್ಲೇ ಹಲವರು ಇದನ್ನು ಗಟ್ಟಿಯಾಗಿ ಹೇಳುತ್ತಿದ್ದಾರೆ. ಕಾಗದದ ಮೇಲೆ ದೂರ ಹೊಡೆಯಲಿ, ಪ್ರಾಣಿಗೆ ಹತ್ತಿರ ಹೋಗಲಿ.

ನಮ್ಮಲ್ಲಿ ಆ ಪ್ರಶ್ನೆಯನ್ನು ಕಾನೂನೇ ಮುಗಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಗೊಳಿಸಿತು. ಉಳಿದಿದ್ದ ಬೇಟೆ ಪರವಾನಗಿಗಳನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಎಡೆದೊರೆಯ ಬಯಲಿನ ಚಿಗರಿ ಮೊದಲ ಅನುಸೂಚಿಯಲ್ಲಿ ಸೇರಿತು. ಅದಾಗಲೇ ತಡವಾಗಿತ್ತು. ಈ ಬಯಲಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನು ಈಗ ಹುಡುಕುವವರು ತುಂಗಭದ್ರೆ ದಾಟಿ ಸಿರುಗುಪ್ಪದ ಕಡೆ ಹೋಗುತ್ತಾರೆ, ಅಲ್ಲೂ ಬೆರಳೆಣಿಕೆ. ರೈಫಲ್ಲಿನ ಗುರಿ ಸುಧಾರಿಸಿದಂತೆಲ್ಲ ಬಯಲಿನ ಪ್ರಾಣಿಗಳಿಗೆ ಅಡಗಲು ಜಾಗವಿಲ್ಲದಾಯಿತು; ಕಾಡಿನ ಹುಲಿಗೆ ಮರ ಇತ್ತು, ಎರೆಬಯಲಿನ ಚಿಗರಿಗೆ ಏನೂ ಇರಲಿಲ್ಲ. ಆ ಕಾಯ್ದೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಕೈಯಿಂದ ತೋಟಾ ತುಂಬುವುದಕ್ಕೂ ಇಲ್ಲಿ ದಾರಿಯಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಬೆಳೆ ಕಾಯುವ ಬಾಯಿತುಂಬು ಕೋವಿಯನ್ನು ಮಾತ್ರ ಅದೇ ಕಾಯ್ದೆ ಹೆಸರಿಟ್ಟು ಗುರುತಿಸಿದೆ. ಮಾನ್ವಿಯ ಅಜ್ಜನ ಹಿತ್ತಾಳೆ ಅಳತೆ ಬದುಕಿದ್ದು ಆ ಒಂದು ಸಾಲಿನ ನೆರಳಿನಲ್ಲಿ. ರೈಫಲ್ ಬೇಕೆಂದವರಿಗೆ ಸರಕಾರಿ ಕಾರ್ಖಾನೆಯ .315 ಇದೆ, ಸೈನ್ಯದ ಅಳತೆಯ ತೋಟಾಗಳು ಜನರಿಗೆ ನಿಷಿದ್ಧವಾದ್ದರಿಂದ ಹಳೆಯ ಆಸ್ಟ್ರಿಯಾದ ತೋಟಾವೊಂದರ ಮೇಲೆ ಕಟ್ಟಿದ್ದು ಅದು. ತೋಟಾ ಬರುವುದು ಪುಣೆಯ ಖಡ್ಕಿ, ಜಲಗಾಂವ್ ಜಿಲ್ಲೆಯ ವರಣಗಾಂವ್ ಕಾರ್ಖಾನೆಗಳ ಕಡೆಯಿಂದ. 2021ರಿಂದ ಅವುಗಳಿಗೆ ಮ್ಯೂನಿಷನ್ಸ್ ಇಂಡಿಯಾ ಎಂಬ ಹೊಸ ಹೆಸರು. ಚುನಾವಣೆ ಬಂದಾಗಲೆಲ್ಲ ಈ ಕೋವಿಗಳು ಚೀಟಿ ಕಟ್ಟಿಸಿಕೊಂಡು ಠಾಣೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ.

ಗುರಿಸ್ಪರ್ಧೆಯ ಹುಡುಗ ಹುಡುಗಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ತಾವು ತುಂಬುವಂತಿಲ್ಲವಾದರೆ ತುಂಬಿದ್ದನ್ನೇ ಆರಿಸಬೇಕು. ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ಒಂದೇ ಮದ್ದಿನಿಂದ ತಯಾರಾದ ತೋಟಾಗಳಿಗೆ ಒಂದು ಲಾಟ್ ನಂಬರ್ ಇರುತ್ತದೆ. ನಳಿಗೆಯನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಬೇರೆಬೇರೆ ಲಾಟಿನದನ್ನು ಹೊಡೆದು ನೋಡಿ, ತನ್ನ ನಳಿಗೆಗೆ ಒಪ್ಪಿದ ಲಾಟನ್ನು ವರ್ಷಕ್ಕಾಗುವಷ್ಟು ಕೊಂಡಿಡುವುದು ದೊಡ್ಡ ಸ್ಪರ್ಧೆಗಳಿಗೆ ಹೋಗುವವರ ರೂಢಿ. ಗಾಳಿ ರೈಫಲ್ಲಿನ ಸೀಸದ ಗುಂಡಿಗೂ ಹೀಗೆಯೇ. ಈಚೆಗೆ ತೋಟಾ ಅಂಗಡಿಯಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. ತಂದೆಯ ಜೊತೆ ಬಂದಿದ್ದಳು, ಹೆಗಲಿಗೆ ಶಾಲೆಯ ಚೀಲ. ಅಂಗಡಿಯವರು ಮೇಜಿನ ಮೇಲೆ ಸೀಸದ ಗುಂಡಿನ ಐದಾರು ಡಬ್ಬಿ ಇಟ್ಟರು. ಅವಳು ಬೆಲೆ ಕೇಳಲಿಲ್ಲ. ಒಂದೊಂದನ್ನೇ ತಿರುಗಿಸಿ ಹಿಂಬದಿಗೆ ಅಂಟಿಸಿದ ಚೀಟಿಯ ಸಣ್ಣ ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಎರಡನ್ನು ಬೇರೆ ಇಟ್ಟು, "ಇದs ನಂಬರಿಂದು ಇನ್ನ ಎಷ್ಟದಾವ ಅಣ್ಣಾ?" ಅಂತ ಕೇಳಿದಳು.